ಕುಂಟು ಕುದುರೆಯದೋ, ಕೈಯದೋ?

ಬೆಂಗಳೂರಿನ ಸವಾರಿ ಶಾಲೆಗಳಿಗೆ ರೇಸು ಮುಗಿಸಿ ಬಂದ ಥರೋಬ್ರೆಡ್ ಕುದುರೆಗಳಲ್ಲಿ ಕೆಲವಕ್ಕೆ ಮುಂಗಾಲಿನ ಹಿಂಬದಿ ಬಿಲ್ಲಿನಂತೆ ಉಬ್ಬಿರುತ್ತದೆ. ಹಿಂದೊಮ್ಮೆ ಟೆಂಡನ್ ಹರಿದ ಗುರುತು ಅದು. ಕುದುರೆಗೆ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ; ಮೂಳೆ, ಟೆಂಡನ್, ಲಿಗಮೆಂಟ್, ಅದರ ಮೇಲೆ ಚರ್ಮ, ಅಷ್ಟೆ. ನಾಗಾಲೋಟದಲ್ಲಿ ಸುಮಾರು 500 ಕಿಲೋ ಮೈಭಾರ ಕ್ಷಣಕಾಲ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಹರಿದ ಎಳೆ ಕೂಡಿಕೊಂಡರೂ ಮೊದಲಿನಷ್ಟು ಹಿಗ್ಗುವುದಿಲ್ಲ. ಹಾಗಾಗಿ ಇಂಥ ಕುದುರೆಯನ್ನು ಪೂರ್ತಿ ಕೆಲಸಕ್ಕೆ ತರಲು ಒಂಬತ್ತು ತಿಂಗಳೋ ವರ್ಷವೋ ಬೇಕು.

ಗಾಯ ಮಾಗಿದ ಮೇಲೆ ಸ್ಕ್ಯಾನ್ ಚೆನ್ನಾಗಿ ಬರುತ್ತದೆ, ವೈದ್ಯರು ಹತ್ತಬಹುದು ಅನ್ನುತ್ತಾರೆ. ಸವಾರನಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಕುಂಟಿದಂತೆ ಅನಿಸುತ್ತದೆ. ಅಂಜಿದ ಮೈ ಮುಂದಕ್ಕೆ ಬಾಗುತ್ತದೆ, ಮಂಡಿ ಜೀನನ್ನು ಅವುಚಿಕೊಳ್ಳುತ್ತದೆ, ಪೆಟ್ಟಾದ ಕಾಲನ್ನು ಕಾಪಾಡುವ ಆತುರದಲ್ಲಿ ಒಂದು ಕಡೆಯ ಲಗಾಮು ಬಿಗಿಯಾಗುತ್ತದೆ. ಆಗ ಕಾಲು ನೆಟ್ಟಗಿರುವ ಕುದುರೆಯೂ ಹೆಜ್ಜೆ ತಪ್ಪುತ್ತದೆ! ಇದು ಬರೀ ಭ್ರಮೆಯಲ್ಲ, ಪಶುವೈದ್ಯರು ಗುರುತಿಸುವ ಲಗಾಮಿನ ಕುಂಟು. ಸವಾರ ಕೆಳಗಿಳಿದರೆ ಅದು ಕಾಣುವುದಿಲ್ಲ. ನಿಜವಾದ ನೋವಿನಿಂದ ಇದನ್ನು ಬೇರ್ಪಡಿಸಲು ಕಲಿತರೆ ಅರ್ಧ ಧೈರ್ಯ ಬಂದಂತೆ ಎಂಬುದು ನನ್ನ ಗಟ್ಟಿ ನಂಬಿಕೆ. ‘ಹೆದರಬೇಡ’ ಎಂದು ಬರೀ ಬೆನ್ನು ತಟ್ಟುವುದರಿಂದ ಯಾರ ಹೆದರಿಕೆಯೂ ಹೋಗುವುದಿಲ್ಲ.

ಹತ್ತುವ ಮೊದಲು ಎರಡೂ ಮುಂಗಾಲುಗಳನ್ನು ಮಂಡಿಯ ಕೆಳಗಿನಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ಅಂಗೈಯಿಂದ ಸವರಿ ನೋಡಬೇಕು. ಹಳೆಯ ಉಬ್ಬು ತಣ್ಣಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಒತ್ತಿದಾಗ ಕುದುರೆ ಕಾಲು ಎಳೆದುಕೊಂಡರೆ, ಅವತ್ತು ಸವಾರಿ ಇಲ್ಲ. ಆಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಹಗ್ಗ ಸಡಿಲ ಬಿಟ್ಟು ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಲಿ. ನೀವು ಎದುರಿಗೆ ನಿಂತು ತಲೆಯನ್ನು ಗಮನಿಸಿ. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಗ್ಗುತ್ತದೆ. ಕಣ್ಣು ಮುಚ್ಚಿದರೂ ಆದೀತು. ಟ್ರಾಟ್ ಎರಡು ತಾಳದ ಓಟ. ಗೊರಸಿನ ಸದ್ದಿನಲ್ಲಿ ಒಂದು ಪೆಟ್ಟು ಜೋರಾಗಿ ಇನ್ನೊಂದು ಮೆತ್ತಗಾದರೆ ಕಿವಿಗೇ ತಿಳಿಯುತ್ತದೆ.

ಕಾಲು ಸರಿಯಿದ್ದರೆ ಸವಾರಿಯ ಶುರು ನಡಿಗೆಯಿಂದ. ನಡಿಗೆ ಎಂದರೆ ನಮ್ಮ ಸವಾರರಿಗೆ ಬೇಸರ. ನನಗೋ ಅದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಉದ್ದ ಲಗಾಮಿನಲ್ಲಿ ಕುದುರೆ ಕತ್ತು ಚಾಚಿ ನಡೆಯುವಾಗ ಬೆನ್ನಿನ ಓಲಾಟ ಸೊಂಟಕ್ಕೆ ಗೊತ್ತಾಗುತ್ತದೆ. ಸವಾರನ ಉಸಿರು ತಾನಾಗಿ ಇಳಿಯುತ್ತದೆ. ವಾರಗಟ್ಟಲೆ ಬರೀ ನಡಿಗೆ, ಸಮನಾದ ನೆಲ, ನೇರ ದಾರಿ. ಆಳವಾದ ಮರಳು, ಚಿಕ್ಕ ಸುತ್ತು ಬೇಡವೇ ಬೇಡ. ಟ್ರಾಟ್ ಸೇರಿಸುವುದು ಆಮೇಲೆ, ಅದೂ ಕೆಲವೇ ನಿಮಿಷ.

ಅಮೆರಿಕದ ರೇಸ್ ಕುದುರೆ ಸೀಬಿಸ್ಕಿಟ್‌ನ ಕಥೆ ನನಗೆ ಹಿಡಿಸುವುದು ಇದಕ್ಕೇ. 1938ರಲ್ಲಿ ಅದರ ಜಾಕಿ ರೆಡ್ ಪೊಲಾರ್ಡ್ ಕಾಲು ಮುರಿದುಕೊಂಡರು. 1939ರಲ್ಲಿ ಕುದುರೆಯ ಎಡ ಮುಂಗಾಲಿನ ಲಿಗಮೆಂಟ್ ಹೋಯಿತು. ಕ್ಯಾಲಿಫೋರ್ನಿಯಾದ ರಿಡ್ಜ್‌ವುಡ್ ರಾಂಚಿನಲ್ಲಿ ಇಬ್ಬರೂ ಒಟ್ಟಿಗೆ ಚೇತರಿಸಿಕೊಂಡರು, ಮೊದಲು ಬರೀ ನಡೆದಾಡಿ. 1937, 1938ರಲ್ಲಿ ಕೂದಲೆಳೆಯಲ್ಲಿ ಕುದುರೆಗೆ ಕೈತಪ್ಪಿದ್ದ ಸಾಂಟಾ ಅನೀಟಾ ಹ್ಯಾಂಡಿಕ್ಯಾಪ್ ರೇಸನ್ನು 1940ರ ಮಾರ್ಚ್ 2ರಂದು ಇಬ್ಬರೂ ಸೇರಿ ಗೆದ್ದರು. ಎಲ್ಲರೂ ಆ ಗೆಲುವನ್ನೇ ಹೇಳುತ್ತಾರೆ. ನಾವು ಕಲಿಯಬೇಕಾದದ್ದು ಅದರ ಹಿಂದಿನ ತಿಂಗಳುಗಳಿಂದ.

ಟ್ರಾಟ್ ಸಲೀಸಾದ ಮೇಲೆ ಕ್ಯಾಂಟರ್, ಅಂದರೆ ಹಗುರ ನಾಗಾಲೋಟ. ಮೊದಲ ಕ್ಯಾಂಟರ್ ಒಂಟಿಯಾಗಿಯೇ ಇರಲಿ. ಪಕ್ಕದಲ್ಲಿ ಇನ್ನೊಂದು ಕುದುರೆ ಓಡಿದರೆ ಹಳೆಯ ರೇಸಿನ ಕುದುರೆ ಸುಮ್ಮನಿರುವುದಿಲ್ಲ. ನೇರ ದಾರಿಯಲ್ಲಿ ಒಂದಿಷ್ಟು ದೂರ ಓಡಿಸಿ ನಡಿಗೆಗೆ ಇಳಿಸಿ. ಅಂದು ಎಲ್ಲ ಸರಿಹೋಯಿತೆಂದು ನಿಶ್ಚಿಂತರಾಗಬೇಡಿ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಮೊದಲೇ ಲಾಯಕ್ಕೆ ಹೋಗಿ ಕಾಲು ಮುಟ್ಟಿ ನೋಡಿ. ಎಷ್ಟೋ ಸಲ ಊತ, ಬಿಸಿ ಕಾಣಿಸಿಕೊಳ್ಳುವುದು ಆಗಲೇ.