ಗುಳಿಗೆಯ ಬೆನ್ನ ಮೇಲಿನ ಪದ

ಹಿಟ್ನಾಳದ ನಮ್ಮ ಅತ್ತೆ ಬಿ.ಪಿ. ಗುಳಿಗೆ ಬಿಟ್ಟು ವಾರವಾಗಿತ್ತು. ಕೇಳಿದರೆ, "ಅಂಥಾದ್ದು ನಂಗ ಬ್ಯಾಡವ್ವ, ಮೊಮ್ಮಗಳು ಓದಿ ಹೇಳ್ಯಾಳ" ಎಂದರು. ಗುಳಿಗೆಪಟ್ಟಿಯ ಬೆನ್ನಿಗೆ 'ಶೆಡ್ಯೂಲ್ ಎಚ್ ಪ್ರಿಸ್ಕ್ರಿಪ್ಷನ್ ಡ್ರಗ್' ಎಂದಿತ್ತು. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಷ್ಟೇ ಅದರ ಅರ್ಥ. ಟಿ.ವಿ.ಯಲ್ಲಿ ಡ್ರಗ್ಸ್ ಸುದ್ದಿ ಕೇಳಿದವರಿಗೆ ಅದು ಹೇಗೆ ತಿಳಿಯಬೇಕು?

ಇಂಗ್ಲಿಷಿನಲ್ಲಿ ಡ್ರಗ್ ಎಂದರೆ ಔಷಧವೂ ಹೌದು, ಅಮಲಿನ ಪದಾರ್ಥವೂ ಹೌದು. ಕಾನೂನಿನಲ್ಲೂ ಹಾಗೇ: 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಔಷಧದ್ದು, 1985ರ ನಾರ್ಕೋಟಿಕ್ ಡ್ರಗ್ಸ್ ಕಾಯ್ದೆ ಗಾಂಜಾ, ಅಫೀಮಿನದು. ನಮ್ಮ ಪತ್ರಿಕೆಗಳು ಆ ಪದದ ಕೆಟ್ಟ ಅರ್ಧವನ್ನಷ್ಟೇ ಮನೆಗೆ ತಂದವು. 'ಮಾದಕ ವಸ್ತು' ಎಂಬ ಸ್ಪಷ್ಟ ಮಾತು ತಲೆಬರಹಕ್ಕೆ ಉದ್ದವಾಯಿತೋ ಏನೋ!

ಕನ್ನಡವೇನು ಬಹಳ ಸಾಚಾ ಎನ್ನಲಾರೆ. ಮಗುವಿಗೆ ಔಷಧ ಕುಡಿಸಿದೆವೆಂದರೆ ಅದು ಕೆಮ್ಮಿಗೆ. ಪಕ್ಕದ ಮನೆಯಾಕೆ 'ಔಷಧ ಕುಡಿದಳು' ಎಂದರೆ ಎದೆ ಧಸಕ್ಕೆನ್ನುತ್ತದೆ. ಅದು ಬೆಳೆಗೆ ಹೊಡೆಯುವ ಔಷಧ. ಇಲ್ಲಿ ಮಾತ್ರ ಅತ್ತೆ ಒಮ್ಮೆಯೂ ತಪ್ಪಿದವರಲ್ಲ.

ಪಟ್ಟಿಯ ಮೇಲೆ ಪಟ್ಟಿ ಅಂಟಿಸಿ, 'ಬಿ.ಪಿ. ಗುಳಿಗಿ, ದಿನಕ್ಕ ಒಂದು' ಎಂದು ಬರೆದುಕೊಟ್ಟೆ.

"ಮೊದ್ಲ ಹಿಂಗ ಬರದಿದ್ರ ನಾ ಯಾಕ ಬಿಡ್ತಿದ್ನೆ?" ಎನ್ನುತ್ತಾ ಅತ್ತೆ ನೀರಿನ ಚರಿಗೆಗೆ ಕೈ ಚಾಚಿದರು.