ಮಯ್ಯರ ಅಡುಗೆಮನೆ: ಗಳಿಸಿದ್ದು, ಕೈಬಿಟ್ಟದ್ದು

ಕರ್ನಾಟಕದ ಹೋಟೆಲ್ ಅಡುಗೆಯನ್ನು ಒಂದು ಪಂಥವೆಂದು ಕರೆಯುವುದಾದರೆ ಅದರ ಆಚಾರ್ಯಪೀಠ ಸಲ್ಲಬೇಕಾದ್ದು ಎಂಟಿಆರ್‌ನ ಯಜ್ಞನಾರಾಯಣ ಮಯ್ಯರಿಗೆ. ಶುಚಿ, ರುಚಿ, ಪ್ರಾಮಾಣಿಕತೆ ಮೂರನ್ನೂ ಒಂದೇ ಎಲೆಯಲ್ಲಿ ಬಡಿಸಿದ ಪಂಥ ಅದು. ಆದರೆ ಆ ಎಲೆಯಲ್ಲಿ ನಮ್ಮ ಬಯಲುಸೀಮೆಯ ಊಟಕ್ಕೆ ಸ್ಥಳ ಸಿಗಲಿಲ್ಲ. ಈ ಗಳಿಕೆ ಮತ್ತು ಕೊರತೆ ಎರಡನ್ನೂ ಒಟ್ಟಿಗೆ ತೂಗಿ ನೋಡುವ ಕಾಲ ಬಂದಿದೆ.

ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ತೆರೆದರು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪ್ ಪ್ರವಾಸ ಮಾಡಿ ಅಲ್ಲಿನ ಉಪಾಹಾರ ಗೃಹಗಳ ಶಿಸ್ತನ್ನು ಕಣ್ಣಾರೆ ಕಂಡರು. ಊರಿಗೆ ಮರಳಿದ ಮೇಲೆ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡಿಸಿದರು. ಅಡುಗೆಮನೆಯನ್ನು ಗಿರಾಕಿಯ ಕಣ್ಣಿಗೆ ತೆರೆದಿಟ್ಟರು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಹೋಟೆಲು ‘ಮಾವಳ್ಳಿ ಟಿಫಿನ್ ರೂಮ್ಸ್’, ಅಂದರೆ ಎಂಟಿಆರ್ ಆಯಿತು. ಹೊರಗಿನ ಊಟವೆಂದರೆ ಮೈಲಿಗೆ, ಕಾಯಿಲೆ ಎಂದು ಹೆದರುತ್ತಿದ್ದ ಸಮಾಜಕ್ಕೆ ‘ಬಂದು ನೋಡಿ, ಆಮೇಲೆ ತಿನ್ನಿ’ ಎನ್ನುವ ಧೈರ್ಯ ಸಣ್ಣದಲ್ಲ.

ಈ ಪಂಥದ ಕಸುವು ಕಷ್ಟಕಾಲದಲ್ಲಿ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಎಂಟಿಆರ್ ಅಡುಗೆಯವರು ರವೆಯನ್ನು ಮೊಸರಿನಲ್ಲಿ ಕಲಸಿ ಇಡ್ಲಿ ಬೇಯಿಸಿದರು. ಇಂದು ನಾಡಿನ ತುಂಬ ಸಿಗುವ ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಆ ಮನೆಯವರ ಮಾತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಬೆಲೆ ಕಟ್ಟಿದಾಗ ಗುಣಮಟ್ಟ ಇಳಿಸಿ ಲಾಭ ಉಳಿಸಿಕೊಳ್ಳುವ ದಾರಿ ಎದುರಿಗೇ ಇತ್ತು. ಎಂಟಿಆರ್‌ನವರು ಅದನ್ನು ಹಿಡಿಯದೆ ಹೋಟೆಲಿಗೇ ಬೀಗ ಹಾಕಿದರು, ಸಿದ್ಧ ಹಿಟ್ಟು, ಮಸಾಲೆಪುಡಿಗಳ ವ್ಯಾಪಾರಕ್ಕೆ ಹೊರಳಿದರು. ಆ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡಿತು. ಮುಂದೆ ಮತ್ತೆ ತೆರೆದ ಹೋಟೆಲು ಮಾತ್ರ ಮಯ್ಯ ಮನೆತನದಲ್ಲೇ ಉಳಿಯಿತು.

ಇನ್ನು ಕೊರತೆಯ ಮಾತು. ಮೊದಲನೆಯದು ಜಾತಿ. ಬ್ರಾಹ್ಮಣ ಕಾಫಿ ಕ್ಲಬ್ ಶುರುವಾದ ಕಾಲದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರ ಪಂಕ್ತಿ ಬೇರೆಯೇ ಇರುತ್ತಿತ್ತು. ಮಡಿ ಕ್ರಮೇಣ ಶುಚಿತ್ವವಾಗಿ ಮಾರ್ಪಟ್ಟದ್ದು, ಒಂದೇ ಹಾಲ್‌ನಲ್ಲಿ ಎಲ್ಲರೂ ಕೂರುವಂತಾದದ್ದು ದೊಡ್ಡ ಸಾಮಾಜಿಕ ಬದಲಾವಣೆ. ಹಾಗಿದ್ದೂ ಯಾವುದು ‘ಹೋಟೆಲ್ ತಿಂಡಿ’ ಎನಿಸಿಕೊಳ್ಳಬೇಕು ಎಂಬ ತೀರ್ಮಾನ ಮಾತ್ರ ಹಳೆಯ ಅಡುಗೆಮನೆಯದೇ ಆಗಿ ಉಳಿಯಿತು.

ಎರಡನೆಯ ಕೊರತೆಯನ್ನು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ನಿಂತು ನೋಡಬೇಕು. ಇಲ್ಲಿ ಕೆರೆ, ಬಾವಿಯ ಆಸರೆ ಇದ್ದ ಕಡೆ ತೆಂಗಿನ ತೋಟ. ಉಳಿದ ಕಡೆ ಮಳೆಯನ್ನೇ ನಂಬಿದ ರಾಗಿ ಹೊಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮುದ್ದೆ, ಅದಕ್ಕೊಂದು ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ, ಹೀಗೆ ಪೂರ್ತಿ ಊಟ ಒಂದೇ ಹೊಲದಿಂದ ಏಳುತ್ತದೆ. ಮಾಗಿಯ ಇಬ್ಬನಿ ಕುಡಿದ ಸೊಗಡವರೆಯ ಹಿತಕಿದ ಬೇಳೆ ಸಾರು, ಬಸ್ಸಾರು, ಹುರುಳಿ ಕಟ್ಟಿನ ಸಾರು: ಇವು ಹದ ಬೇಡುವ ಅಡುಗೆಗಳು. ಗಂಟಿಲ್ಲದಂತೆ ಮುದ್ದೆ ತೊಳಸುವುದೂ ಒಂದು ವಿದ್ಯೆ. ಈ ವಿದ್ಯೆಗೆ ದರ್ಶಿನಿಯ ಬೋರ್ಡಿನ ಮೇಲೆ ಜಾಗ ಸಿಗುವುದು ಅಪರೂಪ. ಮುದ್ದೆಗೆ ಮರ್ಯಾದೆ ಕೊಟ್ಟದ್ದು ಮಿಲಿಟರಿ ಹೋಟೆಲುಗಳು, ಹೆದ್ದಾರಿ ಬದಿಯ ಮೆಸ್ಸುಗಳು.

ಹೋಟೆಲಿನ ಚಟ್ನಿಗೆ ಬೇಕಾದ ತೆಂಗಿನಕಾಯಿ ಇಂಥ ಸೀಮೆಗಳಿಂದಲೇ ಹೋಗಬೇಕು. ಕಾಯಿ ಲಾರಿ ಹತ್ತಿದ ಕ್ಷಣದಿಂದ ಅದಕ್ಕೆ ಊರಿಲ್ಲ, ಬೆಳೆದವನ ಹೆಸರಿಲ್ಲ. ನುಸಿ ಪೀಡೆ ಬಿದ್ದಾಗ, ಬೆಲೆ ಕುಸಿದಾಗ ಆ ನಷ್ಟದಲ್ಲಿ ಹೋಟೆಲಿಗೆ ಪಾಲೂ ಇಲ್ಲ, ಚಿಂತೆಯೂ ಇಲ್ಲ.

ಅಮೆರಿಕದ ಆಲಿಸ್ ವಾಟರ್ಸ್ ನಮ್ಮ ನೆರವಿಗೆ ಬರುವುದು ಇಲ್ಲಿಯೇ. ಅಡುಗೆ ಶಾಲೆಯ ಮೆಟ್ಟಿಲು ಹತ್ತದ ಈಕೆ 1971ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ‘ಶೇ ಪನೀಸ್’ ತೆರೆದರು. ಆ ದಿನ, ಆ ಋತುವಿನಲ್ಲಿ ಸುತ್ತಲಿನ ಹೊಲಗಳಲ್ಲಿ ಸಿಕ್ಕಿದ್ದರ ಮೇಲೆ ಅಂದಿನ ಊಟ ನಿರ್ಧಾರ. ಊಟದ ಪಟ್ಟಿಯ ಮೇಲೆ ರೈತನ ಹೊಲದ ಹೆಸರು. 1995ರಲ್ಲಿ ಅದೇ ಊರಿನ ಶಾಲೆಯೊಂದರಲ್ಲಿ ಮಕ್ಕಳೇ ಬೆಳೆದು ಬೇಯಿಸುವ ತೋಟವನ್ನೂ ಶುರು ಮಾಡಿದರು. ಅವರ ಊಟ ಉಳ್ಳವರಿಗೆ ಮಾತ್ರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೂಲಿಕಾರನಿಂದ ನ್ಯಾಯಾಧೀಶರವರೆಗೆ ಒಂದೇ ಕಾಫಿ ಕುಡಿಸಿದ ನಮ್ಮ ಹೋಟೆಲುಗಳು ಈ ವಿಷಯದಲ್ಲಿ ಅವರಿಗಿಂತ ಮುಂದಿವೆ. ಆದರೆ ಮಣ್ಣಿಗೂ ತಟ್ಟೆಗೂ ನಂಟು ಬೆಸೆಯುವ ಪಾಠವನ್ನು ನಾವು ಅವರಿಂದ ಕಲಿಯಬೇಕು.

ಹೆಸರು ಬರೆಯುವುದು ಈ ನೆಲಕ್ಕೆ ಹೊಸದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಮೇಲೆ ಹೆಸರು ಕೆತ್ತಿದ್ದಾರೆ. ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು 1235ರಲ್ಲಿ ಕಟ್ಟಿಸಿದ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಸಹೋದರರ ಹೆಸರು ಇಂದಿಗೂ ಉಳಿದಿದೆ. ಕಲ್ಲು ಕಡೆದವನಿಗೆ, ಕಟ್ಟಿಸಿದವನಿಗೆ ಸಂದ ಗೌರವ ಅನ್ನ ಬೆಳೆದವನಿಗೂ ಬೇಯಿಸಿದವಳಿಗೂ ಸಲ್ಲಬೇಡವೇ?

ದಿನಕ್ಕೆ ನೂರಾರು ಜನ ಬರುವ ಕಡೆ ಊರಿನ ಕಾಯಿ, ಋತುವಿನ ಕಾಳು ಎಂದು ಕೂತರೆ ವ್ಯಾಪಾರ ನಡೆಯದು ಎನ್ನಬಹುದು. ಯುದ್ಧಕಾಲದಲ್ಲಿ ಅಕ್ಕಿಯಿಲ್ಲದೆ ಇಡ್ಲಿ ಮಾಡಿದ ಪಂಥಕ್ಕೆ ಈ ನೆಪ ಒಪ್ಪುವುದಿಲ್ಲ. ಅವರೆ ಕಾಲದಲ್ಲಿ ವಾರಕ್ಕೊಂದು ದಿನ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಲಿ. ಆ ಸಾರಿನ ಹದ ಬಲ್ಲ ಹಳ್ಳಿಯ ಹೆಂಗಸರನ್ನು ಸಂಬಳ ಕೊಟ್ಟು ಅಡುಗೆಮನೆಗೆ ಕರೆಸಲಿ. ಚಟ್ನಿಯ ಕಾಯಿ ಯಾವ ಊರಿನದು ಎಂದು ಬೋರ್ಡಿನಲ್ಲಿ ಬರೆದು, ಆ ಊರಿನವರಿಂದ ನೇರ ಕೊಂಡು ನ್ಯಾಯವಾದ ಬೆಲೆ ಕೊಡಲಿ. ಶುಚಿಗಾಗಿ ಮಯ್ಯರು ಅಡುಗೆಮನೆಯ ಬಾಗಿಲು ತೆರೆದರು. ಅವರ ಹಾದಿಯಲ್ಲಿ ನಡೆಯುವ ಹೋಟೆಲಿನವರು ಆ ಬಾಗಿಲನ್ನು ಇನ್ನು ಹೊಲದ ಕಡೆಗೂ ತೆರೆಯಬೇಕು. ತಿನ್ನಲು ಕೂತ ನಾವು ಅದನ್ನು ಕೇಳಿ ಪಡೆಯಬೇಕು.