ಅರಿವೆ ಗಂಟು, ಮುಸುರಿ ಹಂಡೆ

ಸವಣೂರು ತಾಲೂಕಿನ ಯಲವಿಗಿ ಸ್ಟೇಷನ್ನಿನಲ್ಲಿ ನಾನು ಚಿಕ್ಕವನಿದ್ದಾಗ ರೈಲು ಹತ್ತುವವರ ಬಗಲಲ್ಲಿ ಅರಿವೆ ಗಂಟಿರುತ್ತಿತ್ತು. ಬಿಚ್ಚಿದರೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಉಂಡ ಮೇಲೆ ಅರಿವೆ ಝಾಡಿಸಿ ಹೆಗಲಿಗೆ ಹಾಕಿಕೊಂಡರೆ ಮುಗಿಯಿತು, ಎಸೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಈ ಬುತ್ತಿಯನ್ನು ಹಳೆಯದೆಂಬ ಪ್ರೀತಿಯಿಂದ ಹೊಗಳುತ್ತಿಲ್ಲ. ಅದರ ಜಾಣತನ ಅರಿವೆಯಲ್ಲಿಲ್ಲ, ರೊಟ್ಟಿಯಲ್ಲಿದೆ. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಪಸೆ ಆರಿಸಿದ ರೊಟ್ಟಿಗೆ ಬೂಸರು ಹತ್ತುವುದಿಲ್ಲ, ವಾರಗಟ್ಟಲೆ ಇರುತ್ತದೆ. ಅದೇ ಬಿಸಿ ಮೆತ್ತನೆ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನೋಡಿ, ಸಂಜೆಗೆ ಬೆವೆತಿರುತ್ತದೆ. ಅಡುಗೆಯೇ ಬಾಳಿಕೆ ಬರುವಂತಿದ್ದರೆ ಪೊಟ್ಟಣಕ್ಕೆ ಕೆಲಸವೇ ಕಡಿಮೆ.

ಹಾಗೆಂದು ಹಳೆಯ ಕಾಲದ ಪೊಟ್ಟಣವೆಲ್ಲ ಒಳ್ಳೆಯದಲ್ಲ. ಸವಣೂರು ಖಾರಾವನ್ನು ಸುದ್ದಿಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಂಡು ತಿಂದವರು ನಾವು. ಎಣ್ಣೆಗೆ ಅಂಟುವ ಮಸಿ ಹೊಟ್ಟೆಗೆ ಹೋಗುತ್ತದೆ, ಆ ರೂಢಿ ಬಿಡಲೇಬೇಕು. ಮನೆಯಿಂದ ಡಬ್ಬಿ ಒಯ್ದರೆ ಆಯಿತು. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಸಾಮಾನುಗಳನ್ನು ದೇಶವೇ ನಿಷೇಧಿಸಿತು. ಆ ಜಾಗಕ್ಕೆ ಬಂದ ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದೇ ಪದರ. ಅದನ್ನು ದನ ತಿನ್ನಬಾರದು, ತಿಪ್ಪೆ ಅರಗಿಸದು.

ನನಗೆ ಬುತ್ತಿಗಿಂತ ದೊಡ್ಡದಾಗಿ ಕಾಣುವುದು ಮುಸುರಿ ಹಂಡೆ. ಅಕ್ಕಿ ತೊಳೆದ ನೀರು, ಕಾಯಿಪಲ್ಯದ ಸಿಪ್ಪೆ, ತಟ್ಟೆ ತೊಳೆದ ಕಲಗಚ್ಚು, ಎಲ್ಲ ಅದಕ್ಕೆ ಬಿದ್ದು ಎಮ್ಮೆಯ ಬಾಯಿಗೆ ಹೋಗುತ್ತಿತ್ತು. ಲಿಂಗಾಯತ ಮನೆಗಳ ಹಿರಿಯರು ತಟ್ಟೆಗೇ ನೀರು ಹಾಕಿ ತೊಳೆದು ಕುಡಿಯುತ್ತಿದ್ದರು; ಪ್ರಸಾದ ಬಿಡುವಂತಿರಲಿಲ್ಲ. 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರ ಹಾಳುಮಾಡಿತು, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಓದಿದಾಗ ನನಗೆ ನೆನಪಾದದ್ದು ಆ ಹಂಡೆ. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಪಾಕೀಟು ಹಾಲು ಬಂದು ಎಮ್ಮೆ ಹೋಯಿತು. ಜನ ದುಂದುಗಾರರಾದರು ಎಂದು ಬೈಯುವವರು ಇದನ್ನು ಮರೆಯುತ್ತಾರೆ: ಉಳಿದದ್ದನ್ನು ತಿನ್ನುವ ಬಾಯಿಯೇ ಮನೆಯಲ್ಲಿ ಇಲ್ಲವಾಗಿದೆ.

ಈ ಪದ್ಧತಿಯ ದೊಡ್ಡ ದೋಷವನ್ನೂ ಹೇಳಬೇಕು. ತಂಗಳ ರೊಟ್ಟಿ ಯಾರ ಪಾಲಿಗೆ ಬರುತ್ತಿತ್ತು? ಗಂಡಸರಿಗೆ ಬಿಸಿಯದು, ಅವ್ವನಿಗೂ ಹೊಲದ ಆಳಿಗೂ ನಿನ್ನೆಯದು. ಅವ್ವ ಅದನ್ನು ಮುರಿದು ಮೊಸರಲ್ಲಿ ನೆನೆಸಿಕೊಂಡು ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ನಮ್ಮ ಮನೆಯಲ್ಲಿ ಅನ್ನ ಹಾಳಾಗಲಿಲ್ಲವೆಂದರೆ ಅದಕ್ಕೆ ಅವಳ ಹೊಟ್ಟೆ ಕಾರಣ, ನಮ್ಮ ಶಿಸ್ತಲ್ಲ. ಇದನ್ನು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ನಿನ್ನೆಯದನ್ನು ಎಲ್ಲರ ತಟ್ಟೆಗೂ ಸಮನಾಗಿ ಹಂಚದ ಮಿತವ್ಯಯವನ್ನು ನಾನು ಮೆಚ್ಚಲಾರೆ. ಈಗ ನಮ್ಮಲ್ಲಿ ಉಳಿದ ರೊಟ್ಟಿ ಪುಡಿಯಾಗಿ ಒಗ್ಗರಣೆ ಬಿದ್ದು ಎಲ್ಲರ ನಾಷ್ಟಾ ಆಗುತ್ತದೆ.

ಸಿಪ್ಪೆಯನ್ನು ನಾಲ್ಕು ಓಣಿ ಆಚೆ, ಎರಡು ಎಮ್ಮೆ ಕಟ್ಟಿದ ಮನೆಗೆ ಒಯ್ದು ಕೊಡುತ್ತೇನೆ. ಆ ಮನೆಯ ಅಜ್ಜಿ ಹಾಗೇ ಸುರಿಯುವುದಿಲ್ಲ. ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಕಲಕುತ್ತಾಳೆ. ಹಾಲಿನ ಪಾಕೀಟಿನ ಕತ್ತರಿಸಿದ ಮೂಲೆ ಸಿಕ್ಕರೆ ತೊಳೆದು ನನ್ನ ಅಂಗೈಗೆ ಇಡುತ್ತಾಳೆ.